ಅನಾಥ ಬಾಲಕರ ಪೋಷಣೆಯೂ ದಾಸೋಹಧರ್ಮವೂ

‘ಅನಾಥ’ ಎಂಬ ಶಬ್ದಕ್ಕೆ ನಾಥನಿಲ್ಲದವನೆಂದು ಅರ್ಥ. ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ಸಮಾಸವನ್ನು ಬಿಡಿಸಿ ಇದನ್ನು ಹೇಳಬಲ್ಲನು. ಆದರೆ ಸಕಲ ಚರಾಚರಕ್ಕೂ ಪರಶಿವನೊಬ್ಬನೇ ನಾಥನೆಂದು ನಂಬಿದ ಶಿವಭಕ್ತರ ಮತದಲ್ಲಿ ಈ ಶಬ್ದವು ಯಾರಿಗೆ ಅನ್ವಯಿಸೀತು? ತಾಯಿತಂದೆಗಳನ್ನು ಕಳೆದುಕೊಂಡ ಶಿಶುವಿಗೂ ಶಿವನು ನಾಥನಾಗಿಯೇ ಇರುವನು. ಹಾಗಿದ್ದೂ ಲೋಕದಲ್ಲಿ ಒಂದು ಮಗುವನ್ನು ಅನಾಥವೆಂದು ಕರೆಯುವರಾದರೆ, ಶಿವನು ತನ್ನ ಪರವಾಗಿ ನಿಯಮಿಸಿದ ಸಮಾಜವು ತನ್ನ ಕರ್ತವ್ಯವನ್ನು ಮರೆತಿದೆ ಎಂದೇ ತಿಳಿಯಬೇಕಾಗುವುದು. ನಮ್ಮ ಹಳ್ಳಿಗರು ಇಂತಹ ಮಗುವನ್ನು ‘ತಬ್ಬಲಿ’ ಎನ್ನುವರು, ‘ಪರದೇಶಿ’ ಎಂದೂ ಕರೆಯುವರು. ಹುಟ್ಟಿದ ಊರಿನಲ್ಲಿಯೇ ಇದ್ದರೂ ಕೈಹಿಡಿಯುವವರಿಲ್ಲದ ಮಗುವು ಪರದೇಶದಲ್ಲಿದ್ದಂತೆಯೇ ಸರಿ ಎಂಬ ಭಾವವು ಆ ಮಾತಿನಲ್ಲಿ ಅಡಗಿದೆ. ಈ ಹೆಸರನ್ನು ಅಳಿಸುವುದಕ್ಕೆ ನಮ್ಮ ನಾಡಿನಲ್ಲಿ, ವಿಶೇಷವಾಗಿ ಬೆಂಗಳೂರಿನ ಸುತ್ತಣ ಸೀಮೆಯಲ್ಲಿ, ಕಳೆದ ಒಂದೂವರೆ ಶತಮಾನದಿಂದ ಯಾವ ಯಾವ ಪ್ರಯತ್ನಗಳು ನಡೆದವು, ಅವುಗಳಿಂದ ಇಂದಿನ ಭಕ್ತರು ಕಲಿಯತಕ್ಕುದು ಏನು ಎಂಬುದೇ ಈ ಲೇಖನದ ವಿಷಯವು.

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ಕೊಟ್ಟವನಿಗೆ ಪುಣ್ಯದ ಎಣಿಕೆ, ಕೊಂಡವನಿಗೆ ಋಣದ ಭಾರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಕಾಯಕದಿಂದ ಗಳಿಸಿದುದನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸುವವನು ತಾನು ದಾಸನೆಂಬ ಭಾವದಿಂದ ಸಲ್ಲಿಸಬೇಕು. ನೀಡುವವನು ಬಾಗಬೇಕು, ಉಣ್ಣುವವನು ಬಾಗಬೇಕಾದುದಿಲ್ಲ. ಜಂಗಮವೆಂದರೆ ಸಮಾಜದ ಚೈತನ್ಯವೇ ಎಂದು ತಿಳಿದ ಮೇಲೆ ಹಸಿದ ಬಾಲಕನೂ ಜಂಗಮನೇ ಆಗುವನು. ಈ ತತ್ತ್ವವು ಗ್ರಂಥಗಳಲ್ಲಿ ಇದ್ದಿತು. ಮಠಗಳ ಪಂಕ್ತಿಗಳಲ್ಲಿಯೂ ಅಲ್ಪಸ್ವಲ್ಪವಾಗಿ ನಡೆದುಕೊಂಡು ಬಂದಿತು. ಆದರೆ ಸಾವಿರಾರು ಮಕ್ಕಳು ಒಮ್ಮೆಗೇ ಬೀದಿಗೆ ಬಿದ್ದ ಕಾಲದಲ್ಲಿ ಅದು ಎಷ್ಟರಮಟ್ಟಿಗೆ ಕಾರ್ಯರೂಪಕ್ಕೆ ಬಂದಿತೆಂಬುದು ಬೇರೆ ಪ್ರಶ್ನೆ.

ಅಂತಹ ಕಾಲವು ಮೈಸೂರು ಸೀಮೆಗೆ 1876ರಿಂದ 1878ರವರೆಗೆ ಒದಗಿತು. ಮುದುಕರ ಬಾಯಲ್ಲಿ ಬಹುಕಾಲ ‘ಧಾತು ಈಶ್ವರ ಸಂವತ್ಸರಗಳ ಬರ’ವೆಂದು ಪ್ರಸಿದ್ಧವಾಗಿದ್ದ ಮಹಾಕ್ಷಾಮವು ಇದೇ. 1871ನೆಯ ಇಸವಿಯ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗೆ ಇಳಿದಿದ್ದಿತು. ಸತ್ತವರ ಲೆಕ್ಕವನ್ನು ಸರ್ಕಾರದವರು ಬರೆದಿಟ್ಟರು. ಉಳಿದ ಮಕ್ಕಳ ಲೆಕ್ಕವನ್ನು ಬರೆದವರು ವಿರಳ. ಗಂಜಿಯ ಕೇಂದ್ರಗಳಿಗೆ ತಾಯಿಯ ಸೆರಗು ಹಿಡಿದು ನಡೆದುಬಂದ ಮಗುವು, ದಾರಿಯಲ್ಲಿಯೇ ತಾಯಿಯನ್ನು ಕಳೆದುಕೊಂಡು ಒಬ್ಬೊಂಟಿಯಾಗಿ ನಿಂತ ದೃಶ್ಯವು ಅಂದು ಅಪರೂಪವಾಗಿರಲಿಲ್ಲ. ಅವಿಭಕ್ತ ಕುಟುಂಬವೂ ಗ್ರಾಮದ ಆಯಗಾರಿಕೆಯೂ ತಬ್ಬಲಿಯನ್ನು ಸಾಕುತ್ತಿದ್ದುದು ನಿಜ. ಆದರೆ ಕುಟುಂಬವೇ ನಾಶವಾಗಿ ಗ್ರಾಮವೇ ಬರಿದಾದಾಗ ಆ ಆಧಾರವೂ ತಪ್ಪಿತು.

ಆ ಸಮಯದಲ್ಲಿ ಮಕ್ಕಳನ್ನು ಎತ್ತಿಕೊಂಡವರಲ್ಲಿ ಕ್ರೈಸ್ತ ಪಾದ್ರಿಗಳು ಅಗ್ರಗಣ್ಯರೆಂಬುದನ್ನು ಸತ್ಯನಿಷ್ಠರಾದ ಯಾರೂ ಮರೆಮಾಡಲಾಗದು. ಅವರು ಅನಾಥಾಲಯಗಳನ್ನು ತೆರೆದರು. ಅಲ್ಲಿ ಬೆಳೆದ ಮಕ್ಕಳು ದೊಡ್ಡವರಾದ ಬಳಿಕ ಅವರಿಗೆ ಭೂಮಿಯನ್ನು ಒದಗಿಸಿ, ಮದುವೆಮಾಡಿಸಿ, ಹೊಸ ಊರುಗಳಲ್ಲಿ ನೆಲೆಗೊಳಿಸಿದರು. ಪೀಣ್ಯದಿಂದ ಮುಂದಕ್ಕೆ ನೆಲಮಂಗಲದ ಸೀಮೆಯಲ್ಲಿರುವ ಸಿಲುವೆಪುರವೂ, ಬೆಂಗಳೂರಿನ ದಕ್ಷಿಣಕ್ಕೆ ಕನಕಪುರದ ದಾರಿಯ ಕಡೆಗಿರುವ ಮರಿಯಾಪುರವೂ ಹೀಗೆ ಕ್ಷಾಮದ ಅನಾಥರಿಂದ ಬೆಳೆದ ಗ್ರಾಮಗಳು. ಆ ಮಕ್ಕಳಿಗೆ ಪ್ರಾಣವು ಉಳಿಯಿತು. ಹಳೆಯ ಹೆಸರೂ ಮನೆತನದ ದೈವವೂ ಉಳಿಯಲಿಲ್ಲ. ಇದಕ್ಕಾಗಿ ಹಲವರು ಅಂದು ಮರುಗಿದರು, ಕೆಲವರು ಕೋಪಿಸಿದರು. ಆದರೆ ನೀರಿನಲ್ಲಿ ಮುಳುಗುವ ಮಗುವನ್ನು ದಡದಲ್ಲಿ ನಿಂತವನು ಎತ್ತದೆ, ಎತ್ತಿದವನ ಬಟ್ಟೆಯ ಬಣ್ಣವನ್ನು ಕುರಿತು ವಾದಿಸುವುದು ಎಷ್ಟರ ನ್ಯಾಯ? ವಿವೇಕಿಗಳಾದ ಹಿರಿಯರು ಆ ಕೋಪವನ್ನು ತಮ್ಮ ಕಡೆಗೇ ತಿರುಗಿಸಿಕೊಂಡರು. ನಮ್ಮ ಮಠಗಳಲ್ಲಿ ದವಸದ ಕಣಜಗಳಿದ್ದು, ಪಂಕ್ತಿಗಳಿದ್ದು, ಆ ಮಕ್ಕಳು ನಮ್ಮ ಬಾಗಿಲಿಗೆ ಏಕೆ ಬರಲಿಲ್ಲವೆಂದು ಕೇಳಿಕೊಂಡರು. ಮುಂದಣ ಇತಿಹಾಸವೆಲ್ಲವೂ ಈ ಒಂದು ಪ್ರಶ್ನೆಗೆ ದೊರೆತ ಉತ್ತರವೆಂದರೆ ಅತ್ಯುಕ್ತಿಯಾಗಲಾರದು.

ಮೊದಲ ಉತ್ತರವು ವರ್ತಕರಿಂದ ಬಂದಿತು. ವೀಳ್ಯದೆಲೆಯ ವ್ಯಾಪಾರದಿಂದ ಐಶ್ವರ್ಯವನ್ನು ಗಳಿಸಿದ ಎಲೆ ಮಲ್ಲಪ್ಪ ಶೆಟ್ಟರು ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿ, ಹಳೆಯ ಮದ್ರಾಸು ರಸ್ತೆಯ ಪಕ್ಕದಲ್ಲಿ ಕೆರೆಯನ್ನು ಕಟ್ಟಿಸಿದರು. ನಗರದಲ್ಲಿ ಹೆರಿಗೆಯ ಆಸ್ಪತ್ರೆಗೆ ಧನವನ್ನಿತ್ತರು. ತಾಯಿಯು ಉಳಿದರೆ ಮಗುವು ತಬ್ಬಲಿಯಾಗದು, ಊರಿಗೆ ನೀರಿದ್ದರೆ ಕುಟುಂಬವು ಚದರದು ಎಂಬ ವಿವೇಕವನ್ನು ಈ ಎರಡು ಧರ್ಮಕಾರ್ಯಗಳಲ್ಲಿ ಕಾಣಬಹುದು. ಇಂದು ವೈಟ್‌ಫೀಲ್ಡಿನ ಕಡೆಗೆ ಓಡುವ ವಾಹನಗಳಲ್ಲಿ ಕುಳಿತವರು ಆ ಕೆರೆಯ ಹೆಸರನ್ನು ದಿನವೂ ಉಚ್ಚರಿಸುವರು; ಆ ಹೆಸರಿನ ಪುಣ್ಯಪುರುಷನನ್ನು ಅರಿತವರು ಕೆಲವರೇ. ಗುಬ್ಬಿಯ ತೋಟದಪ್ಪನವರು 1838ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವ್ಯಾಪಾರದಿಂದ ಪ್ರಬಲರಾಗಿ, ರೈಲ್ವೆ ನಿಲ್ದಾಣದ ಎದುರಿಗೆ 1903ರಲ್ಲಿ ಧರ್ಮಛತ್ರವನ್ನು ಸ್ಥಾಪಿಸಿದರು. ದಾರಿಹೋಕರಿಗೆ ತಂಗುದಾಣವಾದ ಆ ಧರ್ಮಸಂಸ್ಥೆಯು ಹಳ್ಳಿಗಳಿಂದ ಬರಿಗೈಯಲ್ಲಿ ಬಂದ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಆಯಿತು. ತೋಟದಪ್ಪನವರು 1910ರಲ್ಲಿ ಲಿಂಗೈಕ್ಯರಾದರು. ಅವರ ಅನ್ನವನ್ನುಂಡು ಓದಿದವರ ಸಂಖ್ಯೆಯನ್ನು ಎಣಿಸುವುದು ಸುಲಭವಲ್ಲ.

ಎರಡನೆಯ ಉತ್ತರವು ಮಠಗಳಿಂದಲೇ ಬಂದಿತು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ವಟುಗಳಿಗೆ ವಿದ್ಯೆಯನ್ನೂ ಶೀಲವನ್ನೂ ಕಲಿಸುವ ಕ್ರಮವನ್ನು ಏರ್ಪಡಿಸಿದರು. ಆ ಮಹನೀಯರ ಜೀವನದ ಒಂದು ಸಂಗತಿಯು ಈ ವಿಷಯಕ್ಕೆ ಹತ್ತಿರವಾದುದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೂ ಅವನ ಅಣ್ಣನೂ ದೃಷ್ಟಿಹೀನರು. ಅವರ ಕಂಠದ ಮಾಧುರ್ಯವನ್ನು ಕೇಳಿದ ಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಗೀತವನ್ನು ಕಲಿಸಲು ಏರ್ಪಾಡು ಮಾಡಿದರು. ಕರುಣೆಯಿಂದ ಅನ್ನವನ್ನಿಟ್ಟು ಮೂಲೆಯಲ್ಲಿ ಕೂರಿಸಿದ್ದರೆ ಲೋಕವು ಒಬ್ಬ ಕುರುಡನನ್ನು ಕಾಣುತ್ತಿದ್ದಿತು. ವಿದ್ಯೆಯನ್ನಿತ್ತುದರಿಂದ ಗಾನಯೋಗಿ ಪಂಚಾಕ್ಷರ ಗವಾಯಿಗಳನ್ನು ಕಂಡಿತು. ಆ ಗವಾಯಿಗಳು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಶಿಷ್ಯರನ್ನಾಗಿ ಕೂಡಿಸಿಕೊಂಡು, ಊರೂರು ಸಂಚರಿಸುತ್ತ ಪಾಠ ಹೇಳಿದರು. ನಾಟಕಗಳನ್ನು ಆಡಿಸಿ ಆ ಮಕ್ಕಳ ಹೊಟ್ಟೆಯನ್ನು ಹೊರೆದರು. ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತವರು, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು ಅವರ ಬಳಿಯಲ್ಲಿಯೇ ಬೆಳೆದ ಪುಟ್ಟರಾಜ ಗವಾಯಿಗಳು. ಪೋಷಿತನೇ ಪೋಷಕನಾಗುವ ಈ ಪರಂಪರೆಯು 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾಗುವ ತನಕ ಒಂದೇ ಸಮನೆ ನಡೆಯಿತು, ಬಳಿಕವೂ ಮುಂದುವರಿದಿದೆ. ಅನಾಥಪೋಷಣೆಯು ಸಫಲವಾಯಿತೇ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಪರೀಕ್ಷೆಯಿಲ್ಲ. ಉಂಡು ಬೆಳೆದವನು ಬಡಿಸಲು ನಿಂತನೇ ಎಂದು ಕೇಳಿದರೆ ಸಾಕು.

ಬೆಂಗಳೂರಿನ ಸೀಮೆಗೆ ಈ ಪರಂಪರೆಯ ಪೂರ್ಣರೂಪವು ದೊರೆತುದು ತುಮಕೂರಿನ ಶ್ರೀ ಸಿದ್ಧಗಂಗಾ ಕ್ಷೇತ್ರದಲ್ಲಿ. ಅಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿ, ಬಂದ ಬಾಲಕರಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟು ಓದಿಸುತ್ತಿದ್ದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಣ್ಣನೆಂಬ ತರುಣನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಆ ಮಠದ ಸಂಬಂಧವನ್ನು ಹೊಂದಿದ್ದನು. ಅವನು ಎಂಟು ವರ್ಷದ ಬಾಲಕನಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು. 1930ರಲ್ಲಿ ಉತ್ತರಾಧಿಕಾರಿಗಳಾಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದಾಗ ಉದ್ಧಾನ ಶಿವಯೋಗಿಗಳ ದೃಷ್ಟಿಯು ಈ ತರುಣನ ಮೇಲೆ ಬಿದ್ದಿತು. ಅದೇ ವರ್ಷದ ಮಾರ್ಚ್ 3ರಂದು ಅವನು ಶಿವಕುಮಾರ ಸ್ವಾಮಿಗಳೆಂಬ ನಾಮದಿಂದ ನಿರಂಜನ ದೀಕ್ಷೆಯನ್ನು ಪಡೆದನು. 1941ರಲ್ಲಿ ಗುರುಗಳು ಲಿಂಗೈಕ್ಯರಾಗಲು ಮಠದ ಸಂಪೂರ್ಣ ಭಾರವು ಅವರ ಹೆಗಲಿಗೆ ಬಂದಿತು.

ಅಂದು ಮಠದಲ್ಲಿ ಮಕ್ಕಳಿದ್ದರು, ಹಸಿವಿದ್ದಿತು, ಐಶ್ವರ್ಯವು ಇರಲಿಲ್ಲ. ಸ್ವಾಮಿಗಳು ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗೆ ಹೊರಟರು. ಭಿನ್ನಹದ ಪೂಜೆಯ ನೆಪದಲ್ಲಿ ಮನೆಮನೆಯ ಬಾಗಿಲಿಗೆ ಹೋಗಿ ರಾಗಿ, ಅಕ್ಕಿ, ತೆಂಗಿನಕಾಯಿ, ಬೆಲ್ಲ, ಸೌದೆಗಳನ್ನು ಸಂಗ್ರಹಿಸಿದರು. ಇಲ್ಲಿಯೇ ಸ್ವಯಂಸೇವೆಯೆಂಬುದರ ನಿಜವಾದ ಸ್ವರೂಪವು ತೋರುವುದು. ಸುಗ್ಗಿಯಲ್ಲಿ ಕಣದಿಂದ ನೇರವಾಗಿ ಮಠದ ಪಾಲನ್ನು ಅಳೆದಿಡುವ ಒಕ್ಕಲಿಗನು, ಸಂತೆಯಲ್ಲಿ ಮಿಕ್ಕ ತರಕಾರಿಯನ್ನು ಕಳುಹಿಸುವ ವ್ಯಾಪಾರಿಯು, ಜಾತ್ರೆಯ ದಿನಗಳಲ್ಲಿ ಬಂದು ಪಾತ್ರೆ ತೊಳೆಯುವ ಭಕ್ತನು, ಬಡಿಸುವ ಹಳೆಯ ವಿದ್ಯಾರ್ಥಿಯು, ಇವರೆಲ್ಲರೂ ಕೂಡಿಯೇ ಆ ದಾಸೋಹವನ್ನು ನಡೆಸಿದರು. ಒಬ್ಬ ಮಹಾದಾನಿಯ ಕೋಟಿಯಿಂದ ಅದು ನಿಂತುದಲ್ಲ. ಲಕ್ಷ ಜನರ ಸೇರು ಪಾವುಗಳಿಂದ ನಿಂತಿತು. ಆದುದರಿಂದಲೇ ಒಬ್ಬರು ಕೈಬಿಟ್ಟರೂ ಒಲೆಯು ಆರಲಿಲ್ಲ. ಕೆಲವು ನೂರು ಮಕ್ಕಳಿದ್ದ ಪಂಕ್ತಿಯು ಕಾಲಕ್ರಮದಲ್ಲಿ ಎಂಟು ಹತ್ತು ಸಾವಿರ ಮಕ್ಕಳ ಪಂಕ್ತಿಯಾಯಿತು; ನೂರಕ್ಕೂ ಮಿಕ್ಕ ವಿದ್ಯಾಸಂಸ್ಥೆಗಳು ಹುಟ್ಟಿದವು.

ಆ ಪಂಕ್ತಿಯ ವಿಶೇಷವು ಅದರ ಉದ್ದದಲ್ಲಿಲ್ಲ. ಅಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ಬಾಲಕನೂ, ಬಡತನದಿಂದ ಮನೆಬಿಟ್ಟು ಬಂದ ಬಾಲಕನೂ, ಸಾಧಾರಣ ಒಕ್ಕಲುಮನೆಯ ಬಾಲಕನೂ ಒಂದೇ ಸಾಲಿನಲ್ಲಿ ಕುಳಿತು ಅದೇ ಮುದ್ದೆಯನ್ನೇ ಉಣ್ಣುವರು. ಜಾತಿಮತಗಳ ಭೇದವನ್ನು ಬಾಗಿಲಲ್ಲಿಯೇ ಬಿಟ್ಟುದು ಎಲ್ಲರಿಗೂ ತಿಳಿದುದು. ಆದರೆ ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಭೇದವೂ ಅಲ್ಲಿ ಅಳಿಯಿತು. ಇವನು ಅನಾಥ, ಇವನು ಸನಾಥ ಎಂದು ಗುರುತಿಸುವ ಪ್ರತ್ಯೇಕ ಮನೆಯಾಗಲಿ, ಉಡುಪಾಗಲಿ, ಹಲಗೆಯಾಗಲಿ ಅಲ್ಲಿಲ್ಲ. ಎಲ್ಲರೂ ಮಠದ ವಿದ್ಯಾರ್ಥಿಗಳು. ‘ಅನಾಥಾಲಯ’ವೆಂಬ ಹಲಗೆಯ ಕೆಳಗೆ ದಿನವೂ ಹೊಕ್ಕು ಹೊರಡುವ ಮಗುವು ಅನ್ನವನ್ನು ಉಣ್ಣುವುದರ ಜೊತೆಗೆ ಆ ಹೆಸರನ್ನೂ ಉಣ್ಣುವುದು. ಸಿದ್ಧಗಂಗೆಯಲ್ಲಿ ಆ ಹಲಗೆಯೇ ಇಲ್ಲದುದರಿಂದ ಮಗುವು ಅದನ್ನು ಮರೆಯಿತು. ಚಿತ್ರದುರ್ಗದ ಶ್ರೀ ಜಯದೇವ ಜಗದ್ಗುರುಗಳ ಉಚಿತ ನಿಲಯಗಳಲ್ಲಿಯೂ, ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ನಡೆಸಿದ ನಿಲಯದಲ್ಲಿಯೂ ಇದೇ ಮರ್ಮವನ್ನು ಕಾಣಬಹುದು.

2019ನೆಯ ಇಸವಿ ಜನವರಿ 21ರಂದು ಶಿವಕುಮಾರ ಸ್ವಾಮಿಗಳು ನೂರಹನ್ನೊಂದು ವರ್ಷಗಳ ತುಂಬುಜೀವನವನ್ನು ಮುಗಿಸಿ ಲಿಂಗೈಕ್ಯರಾದರು. ಮಧ್ಯಾಹ್ನಕ್ಕೆ ಮುಂಚೆಯೇ ಅವರ ಉಸಿರು ನಿಂತಿದ್ದಿತು. ಆದರೆ ಮಕ್ಕಳ ಊಟವು ಮುಗಿಯುವ ತನಕ ಆ ವಾರ್ತೆಯನ್ನು ಪ್ರಕಟಿಸಲಿಲ್ಲ. ವಾರ್ತೆಯನ್ನು ಕೇಳಿದ ಮಕ್ಕಳು ಉಣ್ಣಲಾರರೆಂಬುದೇ ಕಾರಣ. ಇಡೀ ನಾಡು ಕಾಯುತ್ತಿದ್ದ ಸುದ್ದಿಗಿಂತ ಸಾವಿರಾರು ಬಾಲಕರ ಒಂದು ಹೊತ್ತಿನ ಊಟವು ದೊಡ್ಡದೆಂದು ಎಣಿಸಿದ ಆ ಒಂದು ಘಳಿಗೆಯಲ್ಲಿ ದಾಸೋಹವೆಂದರೇನೆಂಬುದು ಯಾವ ಭಾಷ್ಯವೂ ಇಲ್ಲದೆ ಸ್ಪಷ್ಟವಾಯಿತು.

ಈಗ ತುಮಕೂರಿನ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ತಿರುಗಿದರೆ ಪೀಣ್ಯವು ಎದುರಾಗುವುದು. 1970ರ ದಶಕದಲ್ಲಿ ಕೈಗಾರಿಕೆಯ ವಸಾಹತಾಗಿ ಆರಂಭವಾದ ಆ ಸ್ಥಳವು ಏಷ್ಯಾಖಂಡದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದಾಯಿತು. ಹೊಸೂರು ರಸ್ತೆಯಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯು ಸ್ಥಾಪಿತವಾಯಿತು. 1882ರಲ್ಲಿ ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಜನರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡು, 1990ರ ದಶಕದ ಬಳಿಕ ಗಣಕಯಂತ್ರದ ಉದ್ಯಮಕ್ಕೆ ತವರಾಯಿತು. ಈ ಮೂರು ದಿಕ್ಕುಗಳಿಗೂ ಕಲ್ಯಾಣ ಕರ್ನಾಟಕದಿಂದಲೂ, ಆಂಧ್ರ ತಮಿಳುನಾಡುಗಳಿಂದಲೂ, ಬಿಹಾರ ಒಡಿಶಾ ಬಂಗಾಳಗಳಿಂದಲೂ ಕೂಲಿಗಾರರು ಬಂದು ನೆರೆದರು. ಧಾತು ಈಶ್ವರದ ಬರದಲ್ಲಿ ಹಳ್ಳಿಯು ಒಡೆದಿತ್ತು. ಈಗ ಹಳ್ಳಿಯನ್ನು ಬಿಟ್ಟುಬಂದ ಕುಟುಂಬವು ಒಡೆಯುವುದು. ಕಟ್ಟಡದ ಮೇಲಿಂದ ತಂದೆಯು ಬಿದ್ದರೆ, ತಾಯಿಯು ರೋಗದಿಂದ ಮಲಗಿದರೆ, ಆ ಮಗುವಿಗೆ ಅಜ್ಜಿಯಾಗಲಿ ಸೋದರಮಾವನಾಗಲಿ ಕೂಗಳತೆಯಲ್ಲಿ ಇಲ್ಲ. ‘ಪರದೇಶಿ’ ಎಂಬ ಹಳೆಯ ಮಾತು ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ಈ ಹೊಸ ಸಂಕಟಕ್ಕೆ ಹೊಸ ಸೇವಕರೂ ಹುಟ್ಟಿದರು. 1980ರಲ್ಲಿ ಸಲೇಸಿಯನ್ ಸಭೆಯ ತರುಣ ವಿದ್ಯಾರ್ಥಿಗಳು ಬೆಂಗಳೂರಿನ ಬೀದಿಯ ಮಕ್ಕಳೊಡನೆ ಸ್ನೇಹವನ್ನು ಬೆಳೆಸಿ ಆರಂಭಿಸಿದ ‘ಬಾಸ್ಕೋ’ ಸಂಸ್ಥೆಯು ನಿಲ್ದಾಣಗಳಲ್ಲಿ ದಿಕ್ಕುಗೆಟ್ಟ ಮಕ್ಕಳನ್ನು ಹುಡುಕಿ ಹಿಡಿದೆತ್ತುವ ಕಾರ್ಯವನ್ನು ನಡೆಸಿಕೊಂಡು ಬಂದಿದೆ. ‘ದಾಸೋಹ’ವೆಂಬ ಶರಣರ ಶಬ್ದವನ್ನೇ ರಾಜ್ಯ ಸರ್ಕಾರವು ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಇಟ್ಟುಕೊಂಡಿತು. 2013ನೆಯ ಇಸವಿಯ ಕಂಪೆನಿಗಳ ಕಾಯಿದೆಯು ದೊಡ್ಡ ಉದ್ಯಮಗಳು ಹಿಂದಣ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಭಾಗವನ್ನು ಸಮಾಜಹಿತಕ್ಕೆ ವಿನಿಯೋಗಿಸತಕ್ಕುದೆಂದು ವಿಧಿಸಿತು. ಗಣಕಯಂತ್ರದ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರು ಶನಿವಾರ ಭಾನುವಾರಗಳಲ್ಲಿ ಬಾಲಾಶ್ರಮಗಳಿಗೆ ಹೋಗಿ ಗಣಿತವನ್ನೂ ಇಂಗ್ಲಿಷನ್ನೂ ಹೇಳಿಕೊಡುವರು; ವೈದ್ಯರನ್ನು ಕರೆತಂದು ಕಣ್ಣು ಹಲ್ಲುಗಳನ್ನು ಪರೀಕ್ಷೆ ಮಾಡಿಸುವರು; ಗೋಡೆಗೆ ಬಣ್ಣ ಬಳಿದು, ಪುಸ್ತಕದ ಕಪಾಟನ್ನು ತುಂಬುವರು. ಇದು ಸ್ತುತ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಕಾಯಕದಲ್ಲಿ ದೊರೆತುದರ ಒಂದು ಪಾಲನ್ನು ಸಮಾಜಕ್ಕೆ ಸಲ್ಲಿಸುವುದು ಶರಣರ ಮಾರ್ಗವೇ ಸರಿ.

ಆದರೆ ಇತಿಹಾಸವನ್ನು ಓದಿದವರು ಇಲ್ಲಿ ಕೆಲವು ಎಚ್ಚರಿಕೆಗಳನ್ನು ಗಮನಿಸದೆ ಇರಲಾರರು. ಹುಟ್ಟುಹಬ್ಬದ ದಿನ ಮಿಠಾಯಿಯ ಪೆಟ್ಟಿಗೆಯೊಡನೆ ಬಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರವನ್ನು ತೆಗೆಸಿಕೊಂಡು, ಮತ್ತೆ ಆ ದಾರಿಯನ್ನೇ ತುಳಿಯದವನು ದಾನಿಯಾಗಬಹುದು, ದಾಸೋಹಿಯಾಗಲಾರನು. ಒಮ್ಮೆ ಆಪ್ತರನ್ನು ಕಳೆದುಕೊಂಡ ಮಗುವು, ಪ್ರೀತಿಯಿಂದ ಎತ್ತಿಕೊಂಡ ಪ್ರತಿಯೊಬ್ಬನಲ್ಲಿಯೂ ಸ್ಥಿರತೆಯನ್ನು ಹುಡುಕುವುದು. ನಾಲ್ಕು ವಾರ ಬಂದು ಐದನೆಯ ವಾರ ಬಾರದವನು ಆ ಮಗುವನ್ನು ಎರಡನೆಯ ಬಾರಿ ತಬ್ಬಲಿಯನ್ನಾಗಿ ಮಾಡುವನು. ವರ್ಷಕ್ಕೊಮ್ಮೆ ಹೋಳಿಗೆಯನ್ನು ಬಡಿಸುವ ಹತ್ತು ಜನರಿಗಿಂತ, ವಾರಕ್ಕೊಂದು ಘಂಟೆ, ಅದೇ ವಾರ, ಅದೇ ಘಂಟೆ, ಹಲವು ವರ್ಷ ತಪ್ಪದೆ ಬಂದು ಮಗ್ಗಿಯನ್ನು ಒಪ್ಪಿಸಿಕೊಳ್ಳುವ ಒಬ್ಬನು ಮೇಲು. ಸಿದ್ಧಗಂಗೆಯ ಒಲೆಯ ಮಹಿಮೆಯು ಅದರ ಜ್ವಾಲೆಯ ಎತ್ತರದಲ್ಲಿಲ್ಲ, ಅದು ಆರದೆ ಉರಿಯುವುದರಲ್ಲಿದೆ.

ಎರಡನೆಯದಾಗಿ, ಯಾವ ಆಶ್ರಮವೂ ಹೊರಗಣ ಕಣ್ಣಿಗೆ ಮುಚ್ಚಿರಬಾರದು. ಅದನ್ನು ನಡೆಸುವವನ ಉಡುಪು ಯಾವುದೇ ಆಗಿರಲಿ, ಅವನ ಕೀರ್ತಿಯು ಎಷ್ಟೇ ದೊಡ್ಡದಾಗಿರಲಿ, ಕೇಳುವವರಿಲ್ಲದ ಮಗುವಿನ ಮೇಲೆ ಪ್ರಶ್ನಿಸುವವರಿಲ್ಲದ ಅಧಿಕಾರವು ಕೂಡಿದರೆ ಅನರ್ಥವು ಹುಟ್ಟುವುದು. ಇದನ್ನು ಅರಿತೇ 1960ರಲ್ಲಿ ಅನಾಥಾಲಯಗಳ ಮೇಲ್ವಿಚಾರಣೆಯ ಕಾಯಿದೆಯೂ, 2015ರಲ್ಲಿ ಬಾಲನ್ಯಾಯ ಕಾಯಿದೆಯೂ ಆದವು. ಎರಡನೆಯದರ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಯು ನೋಂದಣಿಯಾಗಬೇಕು. ದಿಕ್ಕಿಲ್ಲದ ಮಗುವು ದೊರೆತರೆ ಇಪ್ಪತ್ತನಾಲ್ಕು ಘಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಬಂಧುಗಳ ಮನೆ, ದತ್ತು, ಪೋಷಕ ಕುಟುಂಬ ಇವುಗಳು ಸಾಧ್ಯವಿಲ್ಲದಾಗಲೇ ಆಶ್ರಮವು ಕಡೆಯ ಮಾರ್ಗವಾಗಬೇಕು. 1098 ಎಂಬ ದೂರವಾಣಿಯ ಸಂಖ್ಯೆಯನ್ನು ಪ್ರತಿಯೊಬ್ಬ ಭಕ್ತನೂ ಬಾಯಿಪಾಠ ಮಾಡಿರತಕ್ಕುದು. ಧರ್ಮಕಾರ್ಯಕ್ಕೆ ಕಾಯಿದೆಯ ಹಂಗೇಕೆಂದು ಕೆಲವರು ಕೇಳುವರು. ಲೆಕ್ಕವನ್ನು ತೋರಿಸಲು ಹಿಂಜರಿಯುವ ಧರ್ಮವು ಧರ್ಮವೇ ಅಲ್ಲವೆಂಬುದೇ ಅದಕ್ಕೆ ಉತ್ತರ.

ಮೂರನೆಯದಾಗಿ, ಹದಿನೆಂಟು ವರ್ಷ ತುಂಬಿದ ದಿನವೇ ಆಶ್ರಮದ ಬಾಗಿಲನ್ನು ದಾಟಬೇಕಾದ ತರುಣನ ವಿಷಯ. ಕಾಯಿದೆಯು ಇಪ್ಪತ್ತೊಂದು ವರ್ಷದವರೆಗೆ ಅನುಪಾಲನೆಗೆ ಅವಕಾಶವನ್ನು ಕೊಟ್ಟಿದೆ. ಆದರೆ ಕೆಲಸವನ್ನೂ, ತಂಗಲು ಒಂದು ಕೋಣೆಯನ್ನೂ, ಹಬ್ಬಕ್ಕೆ ಕರೆಯುವ ಒಂದು ಮನೆಯನ್ನೂ ಕಾಯಿದೆಯು ಕೊಡಲಾರದು. ಇದನ್ನು ಪೀಣ್ಯದ ಕಾರ್ಖಾನೆಯ ಯಜಮಾನನೂ, ಎಲೆಕ್ಟ್ರಾನಿಕ್ಸ್ ಸಿಟಿಯ ಅಧಿಕಾರಿಯೂ ಸುಲಭವಾಗಿ ಕೊಡಬಲ್ಲರು. ಸಿಲುವೆಪುರದ ಪಾದ್ರಿಗಳು ಅನಾಥರಿಗೆ ಭೂಮಿಯನ್ನು ಕೊಟ್ಟು ಊರನ್ನೇ ಮಾಡಿಕೊಟ್ಟರೆಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು.

ಕೋವಿಡ್ ಮಹಾಮಾರಿಯ 2020, 2021ನೆಯ ವರ್ಷಗಳಲ್ಲಿ ಬರಗಾಲದ ಆ ಹಳೆಯ ದೃಶ್ಯವು ಮತ್ತೊಮ್ಮೆ ಕಂಡಿತು. ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಬಾಲಸೇವಾ ಯೋಜನೆಯನ್ನು ಘೋಷಿಸಿ ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ಗೊತ್ತುಮಾಡಿತು. ನೂರೈವತ್ತು ವರ್ಷಗಳಲ್ಲಿ ಸರ್ಕಾರವೂ ಸಮಾಜವೂ ಏನನ್ನೋ ಕಲಿತಿರುವುದಕ್ಕೆ ಇದೊಂದು ಸಾಕ್ಷಿ. ಆದರೆ ಹಣವು ಗಂಜಿಯನ್ನು ಕೊಡಬಲ್ಲುದು. ಪಂಕ್ತಿಯಲ್ಲಿ ಪಕ್ಕದ ಎಲೆಯನ್ನು ಕೊಡಬಲ್ಲವರು ಮನುಷ್ಯರೇ.

ಧಾತು ಸಂವತ್ಸರದ ಬರದಲ್ಲಿ ಹಿರಿಯರು ತಮ್ಮನ್ನು ತಾವೇ ಕೇಳಿಕೊಂಡ ಪ್ರಶ್ನೆಯು ಇಂದಿಗೂ ಬಾಗಿಲಲ್ಲಿಯೇ ನಿಂತಿದೆ. ಆ ಮಗುವು ನಮ್ಮ ಬಾಗಿಲಿಗೆ ಏಕೆ ಬರಲಿಲ್ಲ? ಮಠದ ಉತ್ಸವಕ್ಕೆಂದು ನೆರೆದ ಭಕ್ತರು ಮನೆಗೆ ಹಿಂದಿರುಗುವಾಗ ತಮ್ಮ ಬೀದಿಯ ಕೊನೆಯಲ್ಲಿರುವ ಗುಡಿಸಲುಗಳ ಕಡೆಗೆ, ತಮ್ಮ ಊರಿನಲ್ಲಿರುವ ಬಾಲಾಶ್ರಮದ ಕಡೆಗೆ ಒಮ್ಮೆ ನೋಡಲಿ. ವಾರಕ್ಕೊಂದು ಘಂಟೆಯನ್ನು ಮೀಸಲಿಟ್ಟು, ಆ ಮೀಸಲನ್ನು ಇಷ್ಟಲಿಂಗಪೂಜೆಯಂತೆಯೇ ತಪ್ಪದೆ ನಡೆಸಲಿ. ಬಡಿಸುವಾಗ ಬಾಗಲಿ. ಉಂಡ ಮಗುವು ನಾಳೆ ಬಡಿಸಲು ನಿಲ್ಲುವಂತೆ ಬೆಳೆಯಲಿ. ಅನಾಥನೆಂಬ ಶಬ್ದವು ನಿಘಂಟಿನಲ್ಲಿ ಮಾತ್ರ ಉಳಿದು ನಾಡಿನಲ್ಲಿ ಅಳಿಯಲೆಂದು ಸಕಲ ಜೀವರಿಗೂ ನಾಥನಾದ ಪರಶಿವನನ್ನು ಪ್ರಾರ್ಥಿಸೋಣ.